ನಲವತ್ತೈದು ಡಿಗ್ರಿಯಲ್ಲಿ ಬದುಕಿದವು

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಕುಳಿತಿರುತ್ತದೆ ಎಂದು ಅವ್ವ ಹೇಳುತ್ತಾಳೆ. ಅದೇನೂ ಸುಳ್ಳಲ್ಲ. ಆದರೆ ಆ ವರ್ಷದ ಮೇ ತಿಂಗಳಲ್ಲಿ ನನಗೆ ಸಿಟ್ಟು ಬಂದಿದ್ದು ಬೇರೆ ಯಾರ ಮೇಲೂ ಅಲ್ಲ, ನನ್ನ ಮೇಲೆಯೇ. ಐದು ವರ್ಷ ಕೂಸಿನ ಹಾಗೆ ಸಾಕಿದ ಬ್ಯಾಕ್ಟೀರಿಯಾವನ್ನು ನಾನೇ ಕೈಯಾರೆ ಬೇಯಿಸಿಬಿಟ್ಟಿದ್ದೆ.

ಹೊಸಪೇಟೆಯ ಒಂದು ಪದವಿ ಕಾಲೇಜಿನಲ್ಲಿ ನಾನು ಸೂಕ್ಷ್ಮಜೀವಶಾಸ್ತ್ರದ ಅತಿಥಿ ಉಪನ್ಯಾಸಕಿ. ಅತಿಥಿ ಎಂಬುದು ಹೆಸರಿಗಷ್ಟೇ. ಸತ್ಕಾರ ಮಾಡಿದವರನ್ನು ನಾನಂತೂ ಇನ್ನೂ ಕಂಡಿಲ್ಲ. ಪಾಠದ ಜೊತೆಗೆ ಪಿಎಚ್‌ಡಿ ನಡೆಸಿದ್ದೆ. ವಿಶ್ವವಿದ್ಯಾಲಯ ಬಸ್ಸಿನಲ್ಲಿ ಎರಡು ತಾಸಿನ ದಾರಿ. ಮಾರ್ಗದರ್ಶಕರು ಅಲ್ಲಿ, ನನ್ನ ಪ್ರಯೋಗಗಳು ಇಲ್ಲಿ, ಕಾಲೇಜಿನ ಲ್ಯಾಬಿನಲ್ಲಿ. ನೋಂದಣಿಯ ಅವಧಿ ಜುಲೈ ಕೊನೆಗೆ ಮುಗಿಯುವುದಿತ್ತು. ಅವಧಿ ಹೆಚ್ಚಿಸುವ ಅರ್ಜಿಗೆ ಮಾರ್ಗದರ್ಶಕರು ಸಹಿ ಹಾಕಿದರೆ ಮುಂದುವರಿಯಬಹುದು, ಹಾಕದಿದ್ದರೆ ಐದು ವರ್ಷದ ದುಡಿಮೆ ಅಲ್ಲಿಗೇ ಮುಗಿದಂತೆ. ನಮ್ಮ ಮನೆತನದಲ್ಲಿ ಹತ್ತನೇ ತರಗತಿ ದಾಟಿದ ಮೊದಲ ಹೆಂಗಸು ನಾನು. ಅರ್ಧಕ್ಕೆ ನಿಲ್ಲಿಸಿ ಮನೆಗೆ ಹೋಗುವ ಮನಸ್ಸು ನನಗೆ ಸುತರಾಂ ಇರಲಿಲ್ಲ.

ನನ್ನ ವಿಷಯ ಏನೆಂದು ಕೇಳಿದವರಿಗೆ ಹೀಗೆ ಹೇಳುತ್ತೇನೆ. ಒಂದು ಜೀವಕೋಶ ಎರಡಾಗಬೇಕಾದರೆ ಮೊದಲು ತನ್ನೊಳಗಿನ ಡಿಎನ್‌ಎಯನ್ನು ನಕಲು ಮಾಡಿಕೊಳ್ಳಬೇಕು. ಆ ಕೆಲಸಕ್ಕೆ ಕೋಶದೊಳಗೆ ಪ್ರೋಟೀನುಗಳಿಂದಾದ ಒಂದು ಯಂತ್ರವಿದೆ. ನನ್ನ ಬಳಿ ಇದ್ದದ್ದು ಮಣ್ಣಿನಲ್ಲಿ ಸಿಗುವ, ಯಾರಿಗೂ ಕೇಡು ಮಾಡದ ಬ್ಯಾಕ್ಟೀರಿಯಾದ ಒಂದು ಕುಂಟು ತಳಿ. ಅದರ ನಕಲು ಯಂತ್ರದ ಒಂದು ಭಾಗದಲ್ಲಿ ಐಬಿದೆ. ಮೂವತ್ತು ಡಿಗ್ರಿಯಲ್ಲಿ ಅದು ಆರಾಮವಾಗಿ ಬೆಳೆಯುತ್ತದೆ. ನಲವತ್ತೈದಕ್ಕೆ ಏರಿಸಿದರೆ ಆ ಭಾಗ ಕೈಕೊಡುತ್ತದೆ, ನಕಲು ನಿಲ್ಲುತ್ತದೆ, ಕೋಶ ಸಾಯುತ್ತದೆ. ಎಷ್ಟು ಹೊತ್ತಿಗೆ ನಿಲ್ಲುತ್ತದೆ, ಹೇಗೆ ನಿಲ್ಲುತ್ತದೆ ಎಂದು ಅಳೆಯುವುದು ನನ್ನ ಕೆಲಸವಾಗಿತ್ತು. ದೂರದ ಒಂದು ದೊಡ್ಡ ಲ್ಯಾಬಿನಿಂದ ಮಾರ್ಗದರ್ಶಕರು ಆ ತಳಿಯನ್ನು ತರಿಸಿಕೊಟ್ಟಿದ್ದರು.

ಮೇ ತಿಂಗಳ ಒಂದು ಶನಿವಾರ ಬೆಳಿಗ್ಗೆ ಅದನ್ನು ಜೆಲ್ಲಿ ತುಂಬಿದ ಹೊಸ ತಟ್ಟೆಗಳಿಗೆ ಹಚ್ಚಿದೆ. ಕೈಪಿಡಿಯಲ್ಲಿ ಸಂಜೆಯವರೆಗೆ ಕೋಣೆಯ ತಾಪಮಾನದಲ್ಲಿಡಿ ಎಂದು ಬರೆದಿತ್ತು. ಇಟ್ಟೆ. ಅವತ್ತು ಲ್ಯಾಬಿನಲ್ಲಿ ಪ್ರಾಯೋಗಿಕ ಪರೀಕ್ಷೆ ಇದ್ದುದರಿಂದ ಹಿಂದಿನ ಸಾಮಾನು ಕೋಣೆಯಲ್ಲಿಟ್ಟು ಬಾಗಿಲು ಎಳೆದೆ. ತಗಡಿನ ಸೂರು, ಕಿಟಕಿ ಇಲ್ಲ. ಆ ಕೈಪಿಡಿ ಬರೆದವರ ಕೋಣೆ ಯಾವ ತಂಪು ಊರಿನಲ್ಲಿತ್ತೋ ಏನೋ. ಹೊಸಪೇಟೆಯ ಮೇ ತಿಂಗಳಲ್ಲಿ ತಗಡಿನ ಕೆಳಗೆ ಕೋಣೆಯ ತಾಪಮಾನ ಎಂದರೇನು ಎಂಬುದು ಈ ಸೀಮೆಯಲ್ಲೇ ಹುಟ್ಟಿ ಬೆಳೆದ ನನಗೆ ಗೊತ್ತಿರಬೇಕಿತ್ತು. ಪುಸ್ತಕ ಕೈಗೆ ಬಂದ ಕೂಡಲೇ ಮೈಗೆ ಗೊತ್ತಿದ್ದದ್ದನ್ನು ಮರೆಯುವುದು ನಮ್ಮಂಥ ಓದಿದವರ ರೋಗ.

ಸಂಜೆ ಬಾಗಿಲು ತೆಗೆದಾಗ ಒಲೆಯ ಬಾಯಿ ತೆಗೆದಂತಾಯಿತು. ಥರ್ಮಾಮೀಟರ್ ಇಟ್ಟು ನೋಡಿದರೆ ಸರಿಯಾಗಿ ನಲವತ್ತೈದು. ತಟ್ಟೆಗಳು ಬೋಳು. ನಾನು ಅಲ್ಲೇ ನಿಂತು ನನ್ನನ್ನೇ ಬಾಯಿಗೆ ಬಂದಂತೆ ಬೈದುಕೊಂಡೆ. ಎಸೆಯಲು ಮನಸ್ಸಾಗದೆ ಮೂವತ್ತು ಡಿಗ್ರಿಯ ಪೆಟ್ಟಿಗೆಯಲ್ಲಿಟ್ಟು ಮನೆಗೆ ಹೋದೆ. ಸೋಮವಾರ ನೋಡಿದರೆ ಬೋಳು ತಟ್ಟೆಗಳಲ್ಲಿ ಅಲ್ಲೊಂದು ಇಲ್ಲೊಂದು ಸಾಸಿವೆಗಿಂತ ಸಣ್ಣ ಚುಕ್ಕೆಗಳು. ಹನ್ನೊಂದು. ಲಕ್ಷಗಟ್ಟಲೆ ಕೋಶಗಳಲ್ಲಿ ಹನ್ನೊಂದು ಬದುಕಿ, ಒಂದೊಂದೂ ಹೆಚ್ಚಿ ಒಂದೊಂದು ಚುಕ್ಕೆಯಾಗಿತ್ತು.

ಇಲ್ಲಿ ಇನ್ನೊಂದು ಮಾತು ಹೇಳಬೇಕು. ಆ ತಟ್ಟೆಗಳು ವಿದ್ಯಾರ್ಥಿಗಳ ಪ್ರಯೋಗಕ್ಕೆಂದು ಮಾಡಿ ಉಳಿದವು. ಅವುಗಳ ಜೆಲ್ಲಿಯಲ್ಲಿ ಸಕ್ಕರೆಯೂ ಒಂದು ಕೆಂಪು ಬಣ್ಣವೂ ಇರುತ್ತವೆ. ಬ್ಯಾಕ್ಟೀರಿಯಾ ಸಕ್ಕರೆಯನ್ನು ಸುಟ್ಟರೆ ಹುಳಿ ಹೊರಬಿದ್ದು ಸುತ್ತಲಿನ ಕೆಂಪು ಹಳದಿಯಾಗುತ್ತದೆ. ನನ್ನ ತಳಿ ಯಾವಾಗಲೂ ಹಳದಿ ಮಾಡುತ್ತಿತ್ತು. ಈ ಹನ್ನೊಂದರಲ್ಲಿ ಐದಾರರ ಸುತ್ತ ಕೆಂಪು ಕೆಂಪಾಗಿಯೇ ಇತ್ತು. ಸಾವಿನಿಂದ ಪಾರಾದವುಗಳಲ್ಲಿ ಅರ್ಧದಷ್ಟು ಸಕ್ಕರೆಯನ್ನು ಸರಿಯಾಗಿ ಸುಡುತ್ತಿರಲಿಲ್ಲ.

ಅದೇ ವಾರ ಮಾರ್ಗದರ್ಶಕರು ಪರೀಕ್ಷಕರಾಗಿ ನಮ್ಮ ಕಾಲೇಜಿಗೆ ಬಂದರು. ಅರವತ್ತರ ಹತ್ತಿರದ ಮನುಷ್ಯ, ಮಾತು ಕಡಿಮೆ, ಅನ್ಯಾಯ ಮಾಡುವವರಲ್ಲ. ತಟ್ಟೆಗಳನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟರು.

“ಇದು ಕಂಟ್ಯಾಮಿನೇಶನ್ ಅಮ್ಮಾ. ನಿಮ್ಮ ತಳಿ ಹಳದಿ ಮಾಡುತ್ತೆ, ಇವು ಮಾಡಿಲ್ಲ. ಅಂದರೆ ಹೊರಗಿನದು ಯಾವುದೋ ಬಂದು ಸೇರಿದೆ. ಎಸೆದುಬಿಡಿ.”

“ಚುಕ್ಕೆಯ ಅಂಚು ನೋಡ್ರಿ ಸರ್, ನಮ್ಮ ತಳಿದಂಗ ಸುಕ್ಕು ಬಿದ್ದೈತಿ.”

“ಸುಕ್ಕು ಬೀಳುವ ಬ್ಯಾಕ್ಟೀರಿಯಾ ಲೋಕದಲ್ಲಿ ಇದೊಂದೇ ಅಲ್ಲ.”

ವಾದ ಅಲ್ಲಿಗೆ ಮುಗಿಯಬೇಕಿತ್ತು, ನಾನು ಮುಗಿಸಲಿಲ್ಲ. ಆದರೆ ನನಗೆ ಒಂದು ಗಂಟೆಗೆ ಪಾಠವಿತ್ತು. ಪಾಠ ಮುಗಿಸಿ ಬಂದು ನೋಡಿದರೆ ಮೇಜಿನ ಮೇಲೆ ತಟ್ಟೆಗಳಿಲ್ಲ. ಲ್ಯಾಬಿನ ಅಟೆಂಡರ್ ಮೂಲೆಯಲ್ಲಿ ಪ್ರೆಶರ್ ಕುಕ್ಕರಿನ ಮುಂದೆ ಕೂತಿದ್ದ. ನನಗಿಂತ ಇಪ್ಪತ್ತು ವರ್ಷ ದೊಡ್ಡವನು, ಹೇಳಿದ ಕೆಲಸವನ್ನು ಹೇಳಿದ ಗಳಿಗೆಯಲ್ಲೇ ಮಾಡುವವನು. ಎಸೆಯುವ ತಟ್ಟೆಗಳನ್ನು ಮೊದಲು ಆ ಕುಕ್ಕರಿನಲ್ಲಿ ಬೇಯಿಸಬೇಕೆಂಬುದು ನಾನೇ ಕಲಿಸಿದ ಪಾಠ. ಬೇರೆ ದಿನ ನಾನು ನೆನಪಿಸಬೇಕಾಗಿದ್ದ ಆ ಪಾಠ ಅವನಿಗೆ ಅವತ್ತು ಚೆನ್ನಾಗಿ ನೆನಪಿತ್ತು.

“ಸಾಹೇಬ್ರು ಎಸಿರಿ ಅಂದ್ರಲ್ರಿ ಮೇಡಂ,” ಎಂದ. ಕುಕ್ಕರ್ ಮೂರನೇ ಸೀಟಿ ಹೊಡೆಯಿತು.

ನಾನು ಕೂಗಿದ್ದು ಪಕ್ಕದ ಗಣಿತ ವಿಭಾಗಕ್ಕೂ ಕೇಳಿಸಿತಂತೆ. ಪಾಪ, ಅವನದೇನು ತಪ್ಪು. ಎರಡು ದಿನ ನನ್ನ ಮುಖ ತಪ್ಪಿಸಿ ಓಡಾಡಿದ.

ಹೊರಡುವ ಮುಂಚೆ ಮಾರ್ಗದರ್ಶಕರು ನನ್ನನ್ನು ಕರೆದು ಸಮಾಧಾನವಾಗಿಯೇ ಹೇಳಿದರು. ಸಂಡೂರಿನಲ್ಲಿ ಅದಿರು ತೆಗೆದು ಬಿಟ್ಟ ಗುಡ್ಡಗಳ ಮಣ್ಣಿನಿಂದ ಬ್ಯಾಕ್ಟೀರಿಯಾ ಪಟ್ಟಿ ಮಾಡುವ ಕೆಲಸವೊಂದಿದೆ. ಹತ್ತಿರದ ಊರು, ಮಣ್ಣು ಬೇಕಾದಷ್ಟು, ವರ್ಷದೊಳಗೆ ಮುಗಿಯುತ್ತದೆ. ಒಪ್ಪಿದರೆ ಈಗಲೇ ಸಹಿ ಹಾಕುತ್ತೇನೆ. ಒಪ್ಪದಿದ್ದರೆ ಜುಲೈ ಮುಗಿಯುವುದರೊಳಗೆ ಆ ಚುಕ್ಕೆಗಳು ಹೊರಗಿನವಲ್ಲ ಎಂದು ತೋರಿಸಬೇಕು.

“ತೋರಸ್ತೀನಿ ಸರ್,” ಎಂದೆ. ತೋರಿಸಲು ಕೈಯಲ್ಲಿ ಒಂದೇ ಒಂದು ಚುಕ್ಕೆಯೂ ಇರಲಿಲ್ಲ.

ಅವರು ಒಂದು ಉಪಕಾರ ಮಾಡಿದರು. ನನ್ನ ಕುಂಟು ತಳಿಗೆ ದೊಡ್ಡ ಲ್ಯಾಬಿನವರು ಒಂದು ಗುರುತು ಹಾಕಿದ್ದರು: ಒಂದು ನಿರ್ದಿಷ್ಟ ಔಷಧಿಗೆ ಅದು ಸಾಯುವುದಿಲ್ಲ. ಆ ಔಷಧಿಯ ಸೀಸೆಯನ್ನು ನನಗೆ ಕೊಟ್ಟು, ಇದನ್ನು ಜೆಲ್ಲಿಯಲ್ಲಿ ಬೆರೆಸಿದರೆ ಹೊರಗಿನದು ಏನೇ ಬಿದ್ದರೂ ಸಾಯುತ್ತದೆ ಎಂದರು. ಮೊದಲೇ ಕೊಟ್ಟಿದ್ದರೆ ಜಗಳವೇ ಇರುತ್ತಿರಲಿಲ್ಲವಲ್ಲ ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ.

ಭಾನುವಾರ ನಮ್ಮೂರು ಕಂಪ್ಲಿಗೆ ಹೋದೆ. ಅವ್ವ ಗಾಣದ ಕೆಲಸದವಳು. ಕಬ್ಬು ಅರೆಯುವ ತಿಂಗಳುಗಳಲ್ಲಿ ಬೆಲ್ಲದ ಕೊಪ್ಪರಿಗೆಯ ಕೆಳಗಿನ ಒಲೆಗೆ ಒಣಗಿದ ಕಬ್ಬಿನ ಸಿಪ್ಪೆ ತುಂಬುವುದು ಅವಳ ಪಾಲಿನ ದುಡಿಮೆ. ಮೂವತ್ತು ವರ್ಷದಿಂದ ಅದೇ. ಉಳಿದ ತಿಂಗಳು ಕಾಲುವೆ ಕೆಳಗಿನ ಗದ್ದೆಗಳಲ್ಲಿ ನಾಟಿ, ಕಳೆ. ಅವತ್ತು ಹೊಸ್ತಿಲಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ನಾನು ಚಪ್ಪಲಿ ಬಿಡುವ ಮೊದಲೇ ಎಲ್ಲ ಹೇಳಿಕೊಳ್ಳಲು ಶುರು ಮಾಡಿದೆ. ನಕಲು, ಯಂತ್ರ, ಸಕ್ಕರೆ, ಹಳದಿ, ಕುಕ್ಕರು, ಎಲ್ಲ. ಅವ್ವ ಕಲ್ಲು ಹೆಕ್ಕಿ ಎಸೆಯುತ್ತಾ ಕೇಳಿದಳು.

“ತಡಿಯವ್ವ. ನಕಲು ಮಾಡಾವನ ಕೈ ಸೋತೈತಿ. ಅಷ್ಟ ಅಲ್ಲೇನು?”

“ಹೂಂ.”

“ಮತ್ತ ಸಕ್ಕರಿ ಸುಡಾದು ಕಮ್ಮಿ ಮಾಡಿದ್ವು ಬದುಕಿದ್ವು.”

“ಹೂಂ. ಅದ ತಿಳಿವಲ್ದು ನೋಡು. ಊಟ ಕಮ್ಮಿಯಾದ್ರ ಇನ್ನೂ ಜಲ್ದಿ ಸಾಯ್ಬೇಕಲ್ಲ?”

ಅವ್ವ ಮೊರ ಕೆಳಗಿಟ್ಟಳು. “ಕೊಪ್ಪರಿಗಿ ತಿರುವಾವ ಮುದುಕ ಇದ್ನಲ್ಲ, ನಿನಗ ನೆನಪೈತೇನು? ಕಡಿ ಕಡಿಗೆ ಅವನ ರಟ್ಟಿಯಾಗ ಶಕ್ತಿನ ಇರಲಿಲ್ಲ. ನಾನು ಒಲಿ ಜೋರು ಮಾಡಿದ್ರ ಪಾಕ ಉಕ್ಕತಿತ್ತು, ತಳ ಹತ್ತತಿತ್ತು, ಅವನ ಕೈಗೆ ಆಗ್ತಿದ್ದಿಲ್ಲ. ಅದಕ್ಕ ನಾನ ಬೆಂಕಿ ಹಿಂದಕ್ಕ ಎಳೀತಿದ್ದೆ. ಭಾಳ ಹೊತ್ತು ಹಿಡೀತಿತ್ತು, ಖರೆ. ಆದ್ರ ಬೆಲ್ಲ ಕೆಡತಿದ್ದಿಲ್ಲ. ಎರಡು ವರ್ಷ ಹಂಗ ನಡಿಸಿದ್ವಿ. ಮಾಲಕನಿಗೆ ಗೊತ್ತ ಆಗ್ಲಿಲ್ಲ.”

ಐದು ವರ್ಷ ನಾನು ನಕಲು ಯಂತ್ರವನ್ನಷ್ಟೇ ನೋಡಿದ್ದೆ. ಒಲೆಯ ಕಡೆ ಯಾರಿದ್ದಾರೆ, ತಿರುವುವವನ ಕೈ ನೋಡಿ ಅವರು ಏನು ಮಾಡುತ್ತಾರೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಸಕ್ಕರೆ ಸುಡುವ ಕಡೆಯಿಂದ ನಕಲು ಮಾಡುವ ಕಡೆಗೆ ಏನೋ ಸುದ್ದಿ ಹೋಗುತ್ತಿರಬೇಕು. ಸುಡುವುದು ಜೋರಿದ್ದರೆ ನಕಲೂ ಜೋರಾಗಬೇಕು. ಕುಂಟು ಯಂತ್ರಕ್ಕೆ ಅದು ಆಗದ ಕೆಲಸ. ಸುಡುವುದೇ ನಿಧಾನವಾದರೆ ಕುಂಟುತ್ತಲೇ ಮುಗಿಸಬಹುದು. ಇದು ನಿಜವೋ ಸುಳ್ಳೋ ಗೊತ್ತಿರಲಿಲ್ಲ. ಆದರೆ ಆ ಚುಕ್ಕೆಗಳು ಹೊರಗಿನವಲ್ಲ ಎಂದು ನನಗೆ ಒಳಗಿನಿಂದ ಖಾತ್ರಿಯಾಯಿತು, ಖುಷಿಗೆ ಅವ್ವನ ಅಕ್ಕಿಯನ್ನೂ ಚೆಲ್ಲಿ ಬೈಸಿಕೊಂಡೆ.

ಇನ್ನು ಅದೇ ತಪ್ಪನ್ನು ಬೇಕೆಂದೇ ಮಾಡಬೇಕಿತ್ತು. ಅಷ್ಟರಲ್ಲಿ ಜೂನ್ ಬಂದು ಮಳೆ ಹನಿದು, ಸಾಮಾನು ಕೋಣೆ ತಣ್ಣಗಾಗಿ ಕೂತಿತ್ತು. ಬೇಡವಾದಾಗ ಬಂದ ಬಿಸಿಲು ಬೇಕಾದಾಗ ನಾಪತ್ತೆ. ನಮ್ಮ ಲ್ಯಾಬಿನ ಬಿಸಿಪೆಟ್ಟಿಗೆ ನಲವತ್ತು ದಾಟಿಸಿದರೆ ಫ್ಯೂಸ್ ಹಾರಿಸುತ್ತದೆ. ಒಂದಿಡೀ ಹಗಲು ನಲವತ್ತೈದು ಡಿಗ್ರಿ ಹಿಡಿದಿಡುವ ಯಾವುದೂ ಕಾಲೇಜಿನಲ್ಲಿರಲಿಲ್ಲ. ವಿಶ್ವವಿದ್ಯಾಲಯದಲ್ಲಿ ಮಾಡೋಣವೆಂದರೆ ಅಲ್ಲಿಯ ಪೆಟ್ಟಿಗೆಗೆ ನನ್ನ ಸರದಿ ಆಗಸ್ಟಿನಲ್ಲಿ.

ದಾರಿ ತೋರಿಸಿದವನು ಅದೇ ಅಟೆಂಡರ್. ಒಂದು ದಿನ ಬೆಳಿಗ್ಗೆ ತಲೆಯ ಮೇಲೆ ದೊಡ್ಡ ಥರ್ಮೋಕೋಲ್ ಡಬ್ಬಿ ಹೊತ್ತು ಬಂದ. ಅವನ ತಮ್ಮ ಡ್ಯಾಮಿನ ಮೀನು ಮಾರುವವನು; ಮಂಜುಗಡ್ಡೆ ಹಾಕಿ ಮೀನು ಸಾಗಿಸುವ ಡಬ್ಬಿ ಅದು.

“ತಣ್ಣಗಿರೋದನ್ನ ತಣ್ಣಗ ಇಡ್ತೈತಿ ಅಂದ್ರ ಬಿಸಿದನ್ನ ಬಿಸಿ ಇಡಂಗಿಲ್ಲೇನ್ರಿ ಮೇಡಂ?” ಎಂದ. “ಸೋಪು ಹಚ್ಚಿ ಮೂರು ಸಲ ತೊಳೆದೀನ್ರಿ. ವಾಸನಿ ಮಾತ್ರ ಹೋಗಲಿಲ್ಲ.”

ಅವನ ಎದುರೇ ನಕ್ಕುಬಿಟ್ಟೆ. ಆಮೇಲೆ ಕಣ್ಣು ತುಂಬಿ ಬಂತು. ಕುಕ್ಕರಿನ ದಿನ ಕೂಗಿದ್ದಕ್ಕೆ ತಪ್ಪಾಯಿತು ಎಂದು ಆಗಲೇ ಹೇಳಿದೆ.

ಲೆಕ್ಕಾಚಾರ ಸುಲಭ. ಡಬ್ಬಿಯಲ್ಲಿ ಬಿಸಿ ನೀರು, ಅದರಲ್ಲಿ ಗಟ್ಟಿಯಾಗಿ ಕಟ್ಟಿದ ಪ್ಲಾಸ್ಟಿಕ್ ಚೀಲದೊಳಗೆ ತಟ್ಟೆಗಳು, ನಡುವೆ ಥರ್ಮಾಮೀಟರ್. ನೀರು ಆರಿದ ಹಾಗೆ ಸ್ವಲ್ಪ ತೆಗೆದು ಬಿಸಿ ನೀರು ಸುರಿಯುವುದು. ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಅರ್ಧ ಡಿಗ್ರಿಗಿಂತ ಹೆಚ್ಚು ಆಚೀಚೆ ಆಗಬಾರದು. ಒಬ್ಬಳಿಂದ ಆಗದ ಕೆಲಸ. ಬೆಂಕಿಯ ಹತ್ತಿರ ಹನ್ನೆರಡು ತಾಸು ಬೇಸರವಿಲ್ಲದೆ ಕೂರಬಲ್ಲವರು ನನಗೆ ಗೊತ್ತಿದ್ದದ್ದು ಒಬ್ಬಳೇ.

ಅವ್ವ ಶನಿವಾರ ಸಂಜೆಯ ಬಸ್ಸಿಗೆ ಬಂದಳು. ಕಮಲಾಪುರದಲ್ಲಿ ಹಂಪಿ ನೋಡಲು ಬಂದವರು ನುಗ್ಗಿ ಕಾಲು ಚಾಚಲೂ ಜಾಗ ಬಿಡಲಿಲ್ಲ ಎಂದು ಬೈಯುತ್ತಲೇ ಇಳಿದಳು. ಭಾನುವಾರ ಬೆಳಿಗ್ಗೆ ಕಾಲೇಜಿನ ಗೇಟು ತೆಗೆಸಿ ಮೂವರೂ ಲ್ಯಾಬಿಗೆ ಹೋದೆವು. ಅವ್ವ ಕಾಲೇಜೊಂದರ ಒಳಗೆ ಕಾಲಿಟ್ಟದ್ದು ಅದೇ ಮೊದಲು. ಚಪ್ಪಲಿ ಹೊರಗೆ ಬಿಡಲು ಹೋದವಳನ್ನು ನಾನು ತಡೆದೆ.

ಜೆಲ್ಲಿಗೆ ಈ ಸಲ ಔಷಧಿ ಬೆರೆಸಿದ್ದೆ. ಫ್ರಿಜ್ಜಿನಲ್ಲಿ ಎತ್ತಿಟ್ಟಿದ್ದ ಮೂಲ ಕುಂಟು ತಳಿಯನ್ನು ನಾಲ್ಕು ತಟ್ಟೆಗಳಿಗೆ ದಟ್ಟವಾಗಿ ಹಚ್ಚಿದೆ. ಒಂದನ್ನು ಖಾಲಿ ಬಿಟ್ಟೆ. ಇನ್ನೊಂದಕ್ಕೆ ಹೊರಗಿನ ಬ್ಯಾಕ್ಟೀರಿಯಾ ಬೇಕಿತ್ತು, ಅವು ಔಷಧಿಗೆ ಸಾಯುತ್ತವೆ ಎಂದು ತೋರಿಸಲು. ಅಟೆಂಡರ್ ತನ್ನ ಹೆಬ್ಬೆರಳು ಮುಂದೆ ಮಾಡಿದ. “ನಿನ್ನೆ ತಮ್ಮನ ಜೋಡಿ ಮೀನು ಹೆಚ್ಚೀನ್ರಿ, ಇದಕ್ಕಿಂತ ಹೊರಗಿಂದು ಎಲ್ಲಿ ಸಿಗತೈತಿ,” ಎಂದು ತಟ್ಟೆಯ ಮೇಲೆ ಒತ್ತಿದ.

ಮೊದಲೆರಡು ತಾಸು ನನ್ನದೇ ಯಜಮಾನಿಕೆ. ಕೆಟಲಿನಿಂದ ನೀರು ಸುರಿಯುವುದು, ಥರ್ಮಾಮೀಟರ್ ನೋಡುವುದು, ಬರೆಯುವುದು. ನಾನು ಒಮ್ಮೆ ಜಾಸ್ತಿ ಸುರಿದು ನಲವತ್ತಾರೂವರೆ ಮಾಡಿದೆ. ಅವ್ವ ಕೆಟಲಿಗೆ ಕೈ ಹಾಕಿದಳು.

“ಒಮ್ಮಿಗೇ ಸುರಿಬ್ಯಾಡ. ಅಂಚಿಗೆ ಬಿಡು, ಸಣ್ಣಗೆ. ನೀ ಅತ್ಲಾಗ ಸರಿ.”

“ಅವ್ವಾ, ಇದು ಗಾಣ ಅಲ್ಲ. ಮೀಟರ್ ನೋಡಿ ಹಾಕ್ಬೇಕು.”

“ನೀ ಮೀಟರ್ ನೋಡು, ನಾ ನೀರು ನೋಡ್ತೀನಿ.”

ಸೋಪು ಹಚ್ಚಿ ಕೈ ತೊಳೆದು ನೀರಿನಲ್ಲಿ ಎರಡು ಬೆರಳು ಅದ್ದಿ ಕೂತಳು. “ಇಳೀತು,” ಎನ್ನುವಳು. ನಾನು ಥರ್ಮಾಮೀಟರ್ ನೋಡಿದರೆ ನಲವತ್ತೈದೇ ಇರುತ್ತಿತ್ತು. ನೋಡುತ್ತಿದ್ದಂತೆಯೇ ಪಾದರಸ ಕೂದಲೆಳೆಯಷ್ಟು ಇಳಿಯುತ್ತಿತ್ತು. ಮೂರು ಸಲ ಹೀಗಾದ ಮೇಲೆ ನಾನು ಬಾಯಿ ಮುಚ್ಚಿಕೊಂಡು ಬರೆಯುವ ಕೆಲಸಕ್ಕೆ ಇಳಿದೆ. ಹನ್ನೊಂದಕ್ಕೆ ಕರೆಂಟು ಹೋಯಿತು. ಕೆಟಲ್ ತಣ್ಣಗಾಯಿತು. ನಾನು ತಲೆಗೆ ಕೈ ಹಚ್ಚುವಷ್ಟರಲ್ಲಿ ಅವ್ವ ಅಟೆಂಡರನನ್ನು ಎಬ್ಬಿಸಿ ಎದುರಿನ ಚಹಾದಂಗಡಿಗೆ ಓಡಿಸಿದ್ದಳು. ಎರಡು ತಾಸು ಚಹಾದಂಗಡಿಯ ನೀರಿನ ಮೇಲೆಯೇ ವಿಜ್ಞಾನ ನಡೆಯಿತು. ನನ್ನ ಪುಸ್ತಕದಲ್ಲಿ ಆ ಹೊತ್ತಿನ ಅಂಕಿಗಳೇ ಎಲ್ಲಕ್ಕಿಂತ ನೆಟ್ಟಗಿವೆ.

ಸಂಜೆ ಆರಕ್ಕೆ ಚೀಲ ಬಿಚ್ಚಿದೆ. ಹೋದ ಸಲ ಬರಿಗಣ್ಣಿಗೆ ಬೋಳು ಕಂಡಿದ್ದವು, ಈ ಸಲ ಭೂತಗನ್ನಡಿ ಹಿಡಿದೆ. ಖಾಲಿ ತಟ್ಟೆ ಖಾಲಿ. ಹೆಬ್ಬೆರಳಿನ ತಟ್ಟೆಯೂ ಖಾಲಿ. ಅದರ ಒಡೆಯನಿಗೆ ಸ್ವಲ್ಪ ಬೇಜಾರೇ ಆಯಿತು. ಕುಂಟು ತಳಿಯ ಮೊದಲ ತಟ್ಟೆ ಬೋಳು. ಎರಡನೆಯದೂ ಬೋಳು. ಮೂರನೆಯದರಲ್ಲಿ ಐದು ಚುಕ್ಕೆ. ನಾಲ್ಕನೆಯದರಲ್ಲಿ ಎರಡು.

“ಏಳು,” ಎಂದಳು ಅವ್ವ, ಭೂತಗನ್ನಡಿ ಇಲ್ಲದೆ.

ನಾಲ್ಕರ ಸುತ್ತ ಹಳದಿ ಇತ್ತು. ಮೂರರ ಸುತ್ತ ಕೆಂಪು. ಎಲ್ಲವೂ ಕೆಂಪಾಗಿರಲಿ ಎಂದು ಬಯಸಿದ್ದೆ, ಆಗಲಿಲ್ಲ. ಮಾರನೆಯ ದಿನ ಅವುಗಳನ್ನು ಒಂದೊಂದಾಗಿ ಸಕ್ಕರೆ ಮತ್ತು ಕೆಂಪು ಬಣ್ಣದ ನಳಿಕೆಗಳಲ್ಲಿ ಬೆಳೆಸಿದಾಗಲೂ ಅದೇ ಉತ್ತರ: ನಾಲ್ಕು ಹಳದಿ, ಮೂರು ಕೆಂಪು. ಹಳದಿಯವು ಬಹುಶಃ ತಮ್ಮ ಐಬನ್ನೇ ಸರಿಪಡಿಸಿಕೊಂಡವು. ಕೆಂಪಿನವು ನನ್ನವು. ಐಬು ಇಟ್ಟುಕೊಂಡೇ ಬದುಕಿದವು.

ಏಳನ್ನೂ ಮಾರ್ಗದರ್ಶಕರ ಕೈಗೆ ಕೊಟ್ಟೆ. ಪುಸ್ತಕದ ಅಂಕಿಗಳನ್ನು ಅವರು ಒಂದೊಂದಾಗಿ ಓದಿದರು, ಮೀನಿನ ಡಬ್ಬಿ ಎಂದು ಬರೆದಿದ್ದ ಕಡೆ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. “ಹೊರಗಿನವಲ್ಲ. ಒಪ್ಪಿದೆ,” ಎಂದರು. ಆದರೆ ಸಹಿ ಹಾಕಲಿಲ್ಲ. ಡಿಎನ್‌ಎ ಓದಿಸಿ ಎಲ್ಲಿ ಬದಲಾಗಿದೆ ಎಂದು ತಿಳಿಯಲಿ, ಆಮೇಲೆ ನೋಡೋಣ ಎಂದು ತಮ್ಮ ಸ್ನೇಹಿತರ ಲ್ಯಾಬಿಗೆ ಕಳಿಸಿದರು. ಕಾಯುವುದು ನನಗೆ ಎಂದೂ ಬಂದ ವಿದ್ಯೆಯಲ್ಲ. ಆ ಐದು ವಾರ ನನ್ನ ವಿದ್ಯಾರ್ಥಿಗಳು ಅನುಭವಿಸಿದ್ದನ್ನು ಅವರೇ ಹೇಳಬೇಕು.

ಜುಲೈ ಮುಗಿಯಲು ಮೂರು ದಿನ ಇರುವಾಗ ಕರೆ ಬಂತು. ಮೊದಲ ಬಸ್ಸು ಹಿಡಿದು ಹೋದೆ. ಮಾರ್ಗದರ್ಶಕರ ಮೇಜಿನ ಮೇಲೆ ಎರಡು ಕಾಗದದ ಕಟ್ಟುಗಳಿದ್ದವು. ಮೊದಲನೆಯದನ್ನು ನನ್ನ ಕಡೆ ತಳ್ಳಿದರು. ಹಳದಿಯ ನಾಲ್ಕರಲ್ಲೂ ಐಬು ಸರಿಯಾಗಿತ್ತು, ನಾನು ಅಂದುಕೊಂಡಂತೆಯೇ. ಕೆಂಪಿನ ಮೂರರಲ್ಲೂ ಐಬು ಹಾಗೇ ಇತ್ತು. ಎರಡರಲ್ಲಿ ಹೊಸದಾಗಿ ಕೆಟ್ಟದ್ದು, ಸಕ್ಕರೆಯನ್ನು ಸುಡುವ ಸಾಲಿನಲ್ಲಿ ಕೊನೆಗೆ ಬರುವ ಕೆಲಸದ ಒಂದು ಜೀನ್. ಮೂರನೆಯದರಲ್ಲಿ ಮಾತ್ರ ಆ ಸಾಲಿನ ಯಾವ ಜೀನೂ ಕೆಟ್ಟಿರಲಿಲ್ಲ; ಇನ್ನುಳಿದ ಜೀನುಗಳನ್ನು ಓದಿಸಿರಲಿಲ್ಲ.

ಕುರ್ಚಿಯಲ್ಲೇ ಕುಣಿಯುವಂತಾಯಿತು. “ಸರ್, ಒಲಿ...” ಎಂದು ಏನೋ ಹೇಳಲು ಹೋದೆ. ಅವರು ಎರಡನೆಯ ಕಟ್ಟನ್ನು ತಳ್ಳಿದರು.

“ಈ ಸಂಶೋಧನಾ ಲೇಖನವನ್ನೂ ನೋಡಿ. ನಾನೂ ನಿನ್ನೆಯೇ ಓದಿದ್ದು. ನಕಲು ಯಂತ್ರ ಕುಂಟಾದ ತಳಿಗಳು ಸಕ್ಕರೆ ಸುಡುವ ಕೊನೆಯ ಮೆಟ್ಟಿಲುಗಳು ಕೆಟ್ಟಾಗ ಬದುಕಿಕೊಳ್ಳುತ್ತವೆ. ಇದೇ ಜಾತಿಯ ಬ್ಯಾಕ್ಟೀರಿಯಾದಲ್ಲೇ. ಬಹಳ ವರ್ಷಗಳ ಹಿಂದೆಯೇ ಬೇರೆ ದೇಶದವರು ಕಂಡುಹಿಡಿದಿದ್ದಾರೆ. ಪಿಎಚ್‌ಡಿಗೆ ಹೊಸದು ಬೇಕಮ್ಮಾ. ಸಂಡೂರಿನ ಮಣ್ಣೇ ಒಳ್ಳೆಯದು. ಊಟ ಮಾಡಿಕೊಂಡು ಬನ್ನಿ, ಅದರ ಹೆಸರಿನಲ್ಲೇ ಅರ್ಜಿ ಬರೆಯೋಣ.”

ಮೆಟ್ಟಿಲು ಇಳಿದು ಹೊರಗೆ ಬೇವಿನ ಮರದ ಕೆಳಗೆ ನಿಂತೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ನನಗೆ ಬಾಯಿಗೆ ಬಂದದ್ದನ್ನೇ ಯಾರೋ ಕಿತ್ತುಕೊಂಡಂತಾಗಿತ್ತು. ಆ ಲೇಖನ ಓದದೇ ಇದ್ದದ್ದು ನನ್ನ ತಪ್ಪು ಎಂದು ನನ್ನ ಮೇಲೆ ಸಿಟ್ಟು. ನಮ್ಮ ಕಾಲೇಜಿನಲ್ಲಿ ಅಂಥ ಲೇಖನಗಳು ಸಿಗುವುದೇ ಇಲ್ಲ ಎಂದು ಲೋಕದ ಮೇಲೆ ಸಿಟ್ಟು. ಫೋನ್ ಮಾಡಿದರೆ ಅವ್ವ ನಾಟಿಯ ಗದ್ದೆಯಲ್ಲಿದ್ದಳು. ನಾನು ಅಳುತ್ತಲೇ ಎಲ್ಲ ಹೇಳಿದೆ. ಹಿಂದೆ ನೀರಿನ ಸದ್ದು, ಹೆಂಗಸರ ಮಾತು ಕೇಳುತ್ತಿತ್ತು. ಅವ್ವ ಗದ್ದೆಯ ಬದುವಿಗೆ ಬಂದಳೇನೋ, ಸದ್ದು ಕಡಿಮೆಯಾಯಿತು.

“ಅವ್ರ ದೇಶದಾಗೂ ಹಂಗ ಆಗೈತಿ. ನಿನ್ನ ಮೀನಿನ ಡಬ್ಬಿಯಾಗೂ ಹಂಗ ಆಗೈತಿ. ಅಂದ್ರ ನೀ ಹೇಳಿದ್ದು ಖರೆ ಅಂತ ಆತಲ್ಲ?”

“ಖರೆ ಆದ್ರ ಏನಾತವ್ವ, ಹೊಸದಲ್ಲ.”

“ಕೆಂಪುವು ಮೂರಿದ್ವಲ್ಲ? ನೀ ಎರಡರದ್ದ ಹೇಳಿದಿ.”

“ಮೂರನೇದರಾಗ ಸಕ್ಕರಿದು ಏನೂ ಕೆಟ್ಟಿಲ್ಲ. ಅದು ಹೆಂಗ ಬದುಕೇತೋ ತಿಳಿವಲ್ದು.”

“ಆ ದೇಶದವ್ರಿಗೆ ಗೊತ್ತೈತೇನು?”

“ಅವರ ಲೇಖನದಾಗ ಇಲ್ಲ.”

“ನಿಮ್ಮ ಸರ್‌ಗೆ?”

“ಇಲ್ಲ.”

“ನಿನಗ?”

“ಇಲ್ಲವ್ವ.”

“ಮತ್ತ ಅಲ್ಲಿ ಯಾಕ ನಿಂತಿ?”

ನಾನು ಫೋನ್ ಇಟ್ಟೆ. ನಲ್ಲಿಯ ಹತ್ತಿರ ಮುಖ ತೊಳೆದು, ಊಟ ಮಾ‌ಡದೆ, ಮೆಟ್ಟಿಲು ಹತ್ತಿ ಮತ್ತೆ ಅವರ ಕೋಣೆಗೆ ಹೋದೆ. ಅವರು ಡಬ್ಬಿ ಬಿಚ್ಚಿ ಮೊಸರನ್ನ ತಿನ್ನುತ್ತಿದ್ದರು.

“ಸರ್, ನಾನು ಮೂರನೇದರ ಮ್ಯಾಲೆ ಕೆಲಸ ಮಾಡ್ತೀನಿ,” ಎಂದೆ. ಕೂರಲಿಲ್ಲ.

“ಅದರಲ್ಲಿ ಏನಿದೆ ಅಂತ ಯಾರಿಗೂ ಗೊತ್ತಿಲ್ಲ.”

“ಅದಕ್ಕ ಸರ್.”

“ಮೂರು ವರ್ಷ ಹುಡುಕಿ ಏನೂ ಸಿಗದೇ ಹೋದರೆ?”

“ಹುಡುಕಿದೆ, ಸಿಗಲಿಲ್ಲ ಅಂತ ಬರೀತೀನಿ.”

ಅವರು ಚಮಚ ಕೆಳಗಿಟ್ಟರು. ಆಮೇಲೆ ಎದ್ದು ಕೈ ತೊಳೆದುಕೊಂಡು ಬಂದು, ಅರ್ಜಿಯಲ್ಲಿ ವಿಷಯ ಎಂಬ ಸಾಲನ್ನು ನನಗೇ ತುಂಬಲು ಹೇಳಿ, ಕೆಳಗೆ ಸಹಿ ಹಾಕಿದರು.